ಎಣ್ಣೆ ಹಚ್ಚಿ ಪ್ರಾರ್ಥಿಸಿದ ಮೇಲೂ ಗುಣವಾಗದಿದ್ದರೆ

ತಮಿಳುನಾಡಿನ ತಿರುನೆಲ್ವೇಲಿ ಸೀಮೆಯಲ್ಲಿ ಡೋನಾವೂರು ಅಂತ ಒಂದು ಹಳ್ಳಿ. ಐರ್ಲೆಂಡಿನಿಂದ ಬಂದ ಏಮಿ ಕಾರ್ಮೈಕೇಲ್ ಅಲ್ಲಿ, ದೇವಸ್ಥಾನಗಳಿಗೆ ಒಪ್ಪಿಸಲಾಗುತ್ತಿದ್ದ ಹೆಣ್ಣುಮಕ್ಕಳಿಗಾಗಿ ಒಂದು ಮನೆ ಕಟ್ಟಿದ್ದರು. ಆ ಕೆಲಸದಲ್ಲಿ ಅವರಿಗೆ ಬಲಗೈಯಾಗಿದ್ದವರು ಪೊನ್ನಮ್ಮಾಳ್. ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡಿದ್ದ, ಹಸುಗೂಸುಗಳ ಆರೈಕೆಯ ಹೊಣೆಯನ್ನೆಲ್ಲ ಹೊತ್ತಿದ್ದ ಹೆಂಗಸು. ಮೊದಲನೆಯ ಮಹಾಯುದ್ಧದ ಆಸುಪಾಸಿನಲ್ಲಿ ಅವರಿಗೆ ಕ್ಯಾನ್ಸರ್ ಬಂತು. ಕಾಯಿಲೆಯಾದವನು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂದು ಬೈಬಲಿನ ಯಾಕೋಬನ ಪತ್ರಿಕೆಯಲ್ಲಿದೆಯಲ್ಲ, ಡೋನಾವೂರಿನವರು ಅದನ್ನು ಅಕ್ಷರಶಃ ಪಾಲಿಸಿದರು. ಹೆಂಗಸರೆಲ್ಲ ಬಿಳಿ ಕೈಮಗ್ಗದ ಸೀರೆಯುಟ್ಟು ಮಂಚದ ಸುತ್ತ ನಿಂತರು. ಗೆಲುವಿನ ಗುರುತಾಗಿ ಒಂದು ತಾಳೆಗರಿಯನ್ನು ರೋಗಿಯ ಹಾಸಿಗೆಯ ಮೇಲೆ ಅಡ್ಡಲಾಗಿ ಇಟ್ಟರು. ಗುಣವಾಗಲಿ, ಆಗದಿರಲಿ, ಬರುವ ಉತ್ತರವನ್ನು ಒಪ್ಪಿಕೊಳ್ಳುತ್ತೇವೆ ಅಂದುಕೊಂಡೇ ಪ್ರಾರ್ಥಿಸಿದರು.

ಅಂದಿನಿಂದಲೇ ನೋವು ಜಾಸ್ತಿಯಾಯಿತು. 1915ರಲ್ಲಿ ಪೊನ್ನಮ್ಮಾಳ್ ತೀರಿಕೊಂಡರು.

ಇಂಥ ಕಥೆಗಳನ್ನು ನಮ್ಮ ಕ್ರೈಸ್ತ ಸಭೆಗಳಲ್ಲಿ ಯಾರೂ ಸಾಕ್ಷಿ ಹೇಳುವುದಿಲ್ಲ. ಭಾನುವಾರದ ಆರಾಧನೆಯಲ್ಲಿ ಮೈಕ್ ಹಿಡಿಯುವವರು ಗುಣವಾದವರು. ಡಾಕ್ಟರು ಕೈಬಿಟ್ಟ ಮೇಲೂ ಎದ್ದು ಬಂದವರು, ಸ್ಕ್ಯಾನಿಂಗಿನಲ್ಲಿ ಗಡ್ಡೆ ಕಾಣೆಯಾದವರು. ಅವರ ಸಂತೋಷ ಸುಳ್ಳೇನಲ್ಲ. ಆದರೆ ಅದೇ ಹಾಲ್‌ನ ಹಿಂದಿನ ಸಾಲಿನಲ್ಲಿ, ಡಯಾಲಿಸಿಸ್ ಮುಗಿಸಿ ಬಂದ ಗಂಡನ ಪಕ್ಕ ಕೂತು ಚಪ್ಪಾಳೆ ತಟ್ಟುವ ಹೆಂಡತಿಯ ತಲೆಯಲ್ಲಿ ಏನು ಓಡುತ್ತಿರುತ್ತದೆ ಎಂದು ಕೇಳುವವರು ಕಡಿಮೆ. "ಇವರಿಗಾಗಿದ್ದು ನಮಗೇಕಿಲ್ಲ?" ಈ ಪ್ರಶ್ನೆಗೆ ನಮ್ಮಲ್ಲಿ ಸಿದ್ಧವಾಗಿರುವ ಉತ್ತರಗಳು ಮೂರು. ನಿಮ್ಮ ನಂಬಿಕೆ ಸಾಲದು. ಒಪ್ಪಿಕೊಳ್ಳದ ಪಾಪ ಏನೋ ಉಳಿದಿದೆ. ಇಲ್ಲವೇ, ಇದೆಲ್ಲ ದೇವರ ಚಿತ್ತ. ಮೊದಲೆರಡಕ್ಕೆ ಬೈಬಲಿನಲ್ಲಿ ಅವು ಊಹಿಸುವಷ್ಟು ಆಧಾರವಿಲ್ಲ. ಮೂರನೆಯದು ಬಹುಪಾಲು ಅವಸರದ ಮಾತು.

ನಂಬಿಕೆ ಸಾಲದು ಎನ್ನುವುದನ್ನು ಮೊದಲು ನೋಡೋಣ. ಯೇಸು ಗುಣಪಡಿಸಿದಾಗ "ನಿನ್ನ ನಂಬಿಕೆಯೇ ನಿನ್ನನ್ನು ಸ್ವಸ್ಥಮಾಡಿತು" ಎಂದು ಹೇಳಿದ್ದುಂಟು. ತನ್ನ ಸ್ವಂತ ಊರು ನಜರೇತಿನಲ್ಲಿ ಜನರ ಅಪನಂಬಿಕೆಯಿಂದ ಹೆಚ್ಚು ಅದ್ಭುತಗಳು ನಡೆಯಲಿಲ್ಲ ಎಂದೂ ಸುವಾರ್ತೆಯಲ್ಲಿದೆ. ಆದರೆ ನಜರೇತಿನವರು ಬೇಡಿಕೊಂಡು ಬಂದ ರೋಗಿಗಳಲ್ಲ, "ಇವನು ಬಡಗಿಯಲ್ಲವೇ" ಎಂದು ಮೂಗು ಮುರಿದ ಊರವರು. ಇನ್ನು ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯವನ್ನು ಸಾವಧಾನವಾಗಿ ಓದಿ. ನಂಬಿಕೆಯಿಂದ ಪ್ರಾರ್ಥಿಸಬೇಕಾದವರು ಅಲ್ಲಿ ಸಭೆಯ ಹಿರಿಯರು. ರೋಗಿಯ ಪಾಲಿನ ಕೆಲಸ ಅವರನ್ನು ಕರೆಸುವುದಷ್ಟೇ. ಚಾವಣಿ ಬಿಚ್ಚಿ ಪಾರ್ಶ್ವವಾಯು ರೋಗಿಯನ್ನು ಹಾಸಿಗೆ ಸಮೇತ ಇಳಿಸಿದ ಪ್ರಸಂಗದಲ್ಲಿ ಯೇಸು ನೋಡಿದ್ದು "ಅವರ" ನಂಬಿಕೆಯನ್ನು ಎಂದಿದೆ. ಹೊತ್ತು ತಂದವರು ನಾಲ್ವರು. ಬೇತ್ಸಥಾ ಕೊಳದ ಬಳಿ 38 ವರ್ಷದಿಂದ ಬಿದ್ದಿದ್ದ ಮನುಷ್ಯನಂತೂ ತನ್ನನ್ನು ಗುಣಪಡಿಸಿದವನು ಯಾರೆಂದೇ ಅರಿಯ. ಅವನ ನಂಬಿಕೆಯನ್ನು ಯಾವ ತಕ್ಕಡಿಯಲ್ಲಿ ತೂಗುವುದು? ಆ ಕೊಳದ ಮಂಟಪಗಳಲ್ಲಿ ಕುರುಡರು, ಕುಂಟರು, ಕೈಕಾಲು ಬತ್ತಿದವರು ಗುಂಪುಗುಂಪಾಗಿ ಮಲಗಿದ್ದರು ಎಂದು ಯೋಹಾನ ಬರೆಯುತ್ತಾನೆ. ಅಂದು ಎದ್ದು ನಡೆದವನಾಗಿ ಅವನು ಹೇಳುವುದು ಒಬ್ಬನನ್ನೇ. ಉಳಿದವರ ಬಗ್ಗೆ ಚಕಾರವಿಲ್ಲ.

ಬೈಬಲಿನಲ್ಲಿ ಗುಣವಾಗದೆ ಉಳಿದವರನ್ನು ಹುಡುಕತೊಡಗಿದರೆ ಸಿಗುವ ಹೆಸರುಗಳು ಸಣ್ಣವರದಲ್ಲ. ನಾಮಾನನ ಕುಷ್ಠವನ್ನು ಯೊರ್ದನಿನಲ್ಲಿ ಏಳು ಸಲ ಮುಳುಗಿಸಿ ತೊಳೆಸಿದ ಪ್ರವಾದಿ ಎಲೀಷ ಸತ್ತಿದ್ದು ಕಾಯಿಲೆಯಿಂದ. ತಮಾಷೆಯೆಂದರೆ, ಸತ್ತ ಮೇಲೆ ಅವನ ಎಲುಬು ತಗಲಿ ಇನ್ನೊಬ್ಬ ಸತ್ತವನು ಎದ್ದ ಎಂಬ ಕಥೆಯೂ ಅದೇ ಅಧ್ಯಾಯದಲ್ಲಿದೆ. ಆದಿಸಭೆಯ ಬೋಧಕ ಪೌಲನ ಮೈಗೆ ತಗಲಿದ ಕೈಪಾವಡೆಗಳನ್ನು ಒಯ್ದು ಎಫೆಸದಲ್ಲಿ ರೋಗಿಗಳ ಮೇಲೆ ಹಾಕಿದರೆ ರೋಗ ಬಿಡುತ್ತಿತ್ತು. ಅದೇ ಪೌಲ ಕೊನೆಗಾಲದ ಪತ್ರದಲ್ಲಿ ಒಂದೇ ಸಾಲಲ್ಲಿ ಹೇಳುತ್ತಾನೆ: ಜೊತೆಗಾರ ತ್ರೊಫಿಮನು ಅಸ್ವಸ್ಥನಾಗಿದ್ದರಿಂದ ಅವನನ್ನು ಮಿಲೇತದಲ್ಲಿ ಬಿಟ್ಟು ಬಂದೆ. ಅದಕ್ಕೊಂದು ವಿವರಣೆಯಿಲ್ಲ, ಸಮಜಾಯಿಷಿಯಿಲ್ಲ. ಪದೇ ಪದೇ ಹುಷಾರು ತಪ್ಪುತ್ತಿದ್ದ ಕಿರಿಯ ಸಂಗಡಿಗ ತಿಮೊಥೆಗೆ ಅವನು ಕೊಟ್ಟ ಸಲಹೆಯಾದರೂ ಏನು? ಬರೀ ನೀರು ಕುಡಿಯಬೇಡ, ಹೊಟ್ಟೆಗಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ. ಅಂದಿನ ಕಾಲಕ್ಕೆ ಅದು ಮನೆಮದ್ದು. ಉಪವಾಸ ಪ್ರಾರ್ಥನೆ ಹಾಕಿಕೊಳ್ಳೋಣ ಎನ್ನಲಿಲ್ಲ.

ಪೌಲನ ಸ್ವಂತ ಕಥೆ ಎಲ್ಲರಿಗೂ ಗೊತ್ತು. ತನ್ನ ಶರೀರದಲ್ಲಿ ಶೂಲವೊಂದು ನಾಟಿದೆ, ಅದನ್ನು ತೆಗೆದುಬಿಡು ಎಂದು ಮೂರು ಸಲ ಬೇಡಿಕೊಂಡೆ ಎನ್ನುತ್ತಾನೆ. ಅದು ಕಣ್ಣಿನ ರೋಗವೋ, ಮಲೇರಿಯಾದಂಥ ಜ್ವರವೋ, ಮೂರ್ಛೆರೋಗವೋ, ಬೆನ್ನು ಬಿದ್ದ ವಿರೋಧಿಗಳೋ ಎಂದು ಪಂಡಿತರು ಶತಮಾನಗಳಿಂದ ಜಗಳವಾಡುತ್ತಿದ್ದಾರೆ. ಗೊತ್ತಾಗದೆ ಇರುವುದೇ ಒಳ್ಳೆಯದಾಯಿತು ಅಂತ ನನಗನ್ನಿಸುತ್ತದೆ. ಗೊತ್ತಾಗಿದ್ದರೆ ಆ ವಾಕ್ಯ ಒಂದೇ ರೋಗದವರ ಆಸ್ತಿಯಾಗುತ್ತಿತ್ತು. ಬಂದ ಉತ್ತರ: "ನನ್ನ ಕೃಪೆಯೇ ನಿನಗೆ ಸಾಕು." ಶೂಲ ಅಲ್ಲೇ ಉಳಿಯಿತು. ನಂಬಿಕೆ ಹೆಚ್ಚಿಸಿಕೊಂಡು ನಾಲ್ಕನೆಯ ಸಲ ಕೇಳು ಎಂಬ ಮಾತು ಬರಲಿಲ್ಲ.

ಪಾಪದ ಲೆಕ್ಕಕ್ಕೆ ಬಂದರೆ, ಇದು ಕ್ರೈಸ್ತರಿಗಷ್ಟೇ ಸೇರಿದ್ದಲ್ಲ. ನಮ್ಮೂರುಗಳಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ "ಯಾವ ಜನ್ಮದ ಕರ್ಮವೋ" ಎನ್ನುವವರು, "ನಾಗದೋಷವಿರಬೇಕು, ಕೇಳಿಸಿ ನೋಡಿ" ಎನ್ನುವವರು ಇದ್ದೇ ಇರುತ್ತಾರೆ. ಸಭೆಯಲ್ಲಿ ಆ ಮಾತಿನ ವೇಷ ಮಾತ್ರ ಬೇರೆ. ಯೇಸುವಿನ ಶಿಷ್ಯರೂ ಹೀಗೇ ಕೇಳಿದವರು. ಹುಟ್ಟುಕುರುಡನನ್ನು ಕಂಡು, ಪಾಪ ಮಾಡಿದವರು ಇವನೋ, ಇವನನ್ನು ಹೆತ್ತವರೋ ಎಂದರು. ಇವನೂ ಅಲ್ಲ, ಹೆತ್ತವರೂ ಅಲ್ಲ ಎಂಬುದು ಸಿಕ್ಕ ಉತ್ತರ. ಸಿಲೋವಾಮಿನಲ್ಲಿ ಗೋಪುರ ಬಿದ್ದು 18 ಜನ ಸತ್ತಾಗಲೂ, ಅವರೇನು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚು ಅಪರಾಧಿಗಳೇ ಎಂದು ಯೇಸುವೇ ತಿರುಗಿ ಕೇಳಿದ. ಕುಡಿತದಿಂದ ಲಿವರ್ ಕೆಡುವಂಥ ಕಾರ್ಯಕಾರಣ ಇಲ್ಲವೆಂದಲ್ಲ. ಕಾಯಿಲೆ ಕಂಡ ಕೂಡಲೇ ಅದರ ಹಿಂದೆ ಒಂದು ಗುಟ್ಟಿನ ಅಪರಾಧವನ್ನು ಹುಡುಕುವ ಚಾಳಿಗೆ ಇಲ್ಲಿ ಎಡೆಯಿಲ್ಲ, ಅಷ್ಟೇ.

ಬೈಬಲಿನ ಯೋಬನ ಗ್ರಂಥದ 42 ಅಧ್ಯಾಯಗಳಲ್ಲಿ ಹೆಚ್ಚಿನ ಪಾಲು ಈ ಚಾಳಿಯ ಕಥೆಯೇ. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಬಂದರು. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತು ಬೋಕಿಯಿಂದ ಮೈ ಕೆರೆದುಕೊಳ್ಳುತ್ತಿದ್ದ ಯೋಬನನ್ನು ಕಂಡು ಏಳು ಹಗಲು ಏಳು ಇರುಳು ಮಾತಿಲ್ಲದೆ ಪಕ್ಕದಲ್ಲಿ ನೆಲದ ಮೇಲೆ ಕೂತರು. ಅಲ್ಲಿಯವರೆಗೆ ಸರಿಯಿತ್ತು. ಬಾಯಿ ತೆರೆದ ಮೇಲೆ ಕೆಟ್ಟಿತು. ನೀತಿವಂತನು ಎಂದಾದರೂ ನಾಶವಾದದ್ದುಂಟೇ, ನೀನೇನೋ ಮಾಡಿರಲೇಬೇಕು ಎಂದು ಸರದಿಯ ಮೇಲೆ ದೂರಿದರು. ಯೋಬ ಸಿಟ್ಟಾದ, ಹುಟ್ಟಿದ ದಿನವನ್ನು ಶಪಿಸಿದ, ದೇವರನ್ನೇ ಕಟಕಟೆಗೆ ಕರೆದ. ಕೊನೆಯ ಅಧ್ಯಾಯದಲ್ಲಿ ದೇವರು ಕೋಪಗೊಳ್ಳುವುದು ಮಾತ್ರ ತನ್ನ ಪರವಾಗಿ ವಕಾಲತ್ತು ವಹಿಸಿದ ಗೆಳೆಯರ ಮೇಲೆ. ನನ್ನ ಸೇವಕನಾದ ಯೋಬನಂತೆ ನೀವು ನನ್ನ ವಿಷಯ ಸರಿಯಾಗಿ ಮಾತಾಡಲಿಲ್ಲ ಎನ್ನುತ್ತಾನೆ. ಇನ್ನೊಂದು ಸಂಗತಿಯನ್ನು ಓದುಗರು ಮರೆಯುತ್ತಾರೆ. ಈ ಎಲ್ಲದರ ಹಿಂದೆ ಪರಲೋಕದಲ್ಲಿ ಏನು ನಡೆದಿತ್ತೆಂದು ಮೊದಲೆರಡು ಅಧ್ಯಾಯ ಓದಿದ ನಮಗೆ ಗೊತ್ತು; ಯೋಬನಿಗೆ ಕಡೆಯವರೆಗೂ ಯಾರೂ ಹೇಳುವುದಿಲ್ಲ. ಆರೋಗ್ಯ, ದನಕರು ಮರಳಿ ಬಂದವು, ಬೇರೆ ಮಕ್ಕಳು ಹುಟ್ಟಿದರು, ಕಾರಣ ಮಾತ್ರ ಬರಲಿಲ್ಲ.

ಹಾಗಾದರೆ "ಆತನ ಬಾಸುಂಡೆಗಳಿಂದ ನಮಗೆ ಗುಣವಾಯಿತು" ಎಂಬ ಪ್ರವಾದಿ ಯೆಶಾಯನ ಮಾತೇನಾಯಿತು? ಸ್ವಸ್ಥತಾ ಕೂಟಗಳ ಪೋಸ್ಟರುಗಳಲ್ಲೆಲ್ಲ ಅದೇ ವಾಕ್ಯ. ಶಿಲುಬೆಯಲ್ಲಿ ಪಾಪಕ್ಕೆ ಕ್ಷಮೆ ಹೇಗೆ ಈಗಲೇ ಸಿಕ್ಕಿತೋ ಹಾಗೆ ದೇಹಕ್ಕೆ ಆರೋಗ್ಯವೂ ಈಗಲೇ ಸಿಕ್ಕಿದೆ, ಕೈಚಾಚಿ ಪಡೆಯುವುದಷ್ಟೇ ಬಾಕಿ ಎಂದು ಒಂದು ಪಂಗಡದವರು ಬೋಧಿಸುತ್ತಾರೆ. ಇನ್ನೊಂದು ತುದಿಯಲ್ಲಿ, ಅದ್ಭುತಗಳ ಕಾಲ ಅಪೊಸ್ತಲರ, ಎಂದರೆ ಯೇಸು ಕಳಿಸಿದ ಮೊದಲ ಬೋಧಕರ, ಜೊತೆಗೇ ಮುಗಿಯಿತು ಎನ್ನುವವರಿದ್ದಾರೆ. ಬಹುಪಾಲು ಸಭೆಗಳು ಈ ಎರಡರ ನಡುವೆ ನಿಂತಿವೆ. ದೇವರ ರಾಜ್ಯ ಬಂದಿದೆ, ಆದರೆ ಪೂರ್ತಿಯಾಗಿ ಬಂದಿಲ್ಲ ಎಂಬುದು ಅವರ ನಿಲುವು. ಕೇಳಲು ಜಾಣ ಉತ್ತರದ ಹಾಗಿದೆ, ಸ್ವಲ್ಪ ಬಿಡಿಸಿ ಹೇಳಬೇಕು. ಸತ್ತವರೊಳಗಿಂದ ಎದ್ದ ಕ್ರಿಸ್ತನನ್ನು ಪೌಲ ಪ್ರಥಮಫಲ ಎಂದು ಕರೆಯುತ್ತಾನೆ. ಕರಾವಳಿಯವರಿಗೆ ಇದನ್ನು ವಿವರಿಸಬೇಕಾದ್ದೇ ಇಲ್ಲ. ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬಕ್ಕೆ, ಮಂಗಳೂರು, ಉಡುಪಿಯ ಇಗರ್ಜಿಗಳಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ, ಮನೆಮಂದಿಯೆಲ್ಲ ಕೂತು ಹೊಸತು ಉಣ್ಣುತ್ತಾರೆ. ಬಾಯಿಗೆ ಬಿದ್ದ ಆ ಕಾಳು ನಿಜವಾದ ಭತ್ತವೇ, ಬೊಂಬೆಯಲ್ಲ. ಆದರೂ ಗದ್ದೆಯ ಪೈರು ಇನ್ನೂ ನಿಂತಿದೆ, ಕೊಯ್ಲು ಮುಂದಿದೆ. ಈಗ ಅಲ್ಲೊಬ್ಬರಿಗೆ ಇಲ್ಲೊಬ್ಬರಿಗೆ ಆಗುವ ಸ್ವಸ್ಥತೆ ಆ ತೆನೆ. ತೆನೆ ಯಾರ ಮನೆಗೆ ಮೊದಲು ಬಂತು ಎನ್ನುವುದರಿಂದ ಗದ್ದೆ ಯಾರದೆಂದು ತೀರ್ಮಾನವಾಗುವುದಿಲ್ಲ.

ಈ ವಿವರಣೆಗೂ ಮಿತಿಯುಂಟು. ಕೆಲವರಿಗೆ ತೆನೆ, ಕೆಲವರಿಗೆ ಬರಿಗೈ ಯಾಕೆ ಎಂಬ ಪ್ರಶ್ನೆಗೆ ಅದು ಉತ್ತರಿಸುವುದಿಲ್ಲ. ಸ್ವಸ್ಥತೆ ಬೇಡಿ ರೋಗಿಗಳು ಹೋಗುವ ಕಥೋಲಿಕರ ಯಾತ್ರಾಸ್ಥಳ, ಫ್ರಾನ್ಸಿನ ಲೂರ್ದಿಗೆ 1858ರಿಂದ ಕೋಟ್ಯಂತರ ಜನ ಹೋಗಿ ಬಂದಿದ್ದಾರೆ. ಚರ್ಚು ಪರೀಕ್ಷಿಸಿ ಅದ್ಭುತವೆಂದು ಅಧಿಕೃತವಾಗಿ ಒಪ್ಪಿದ ಸ್ವಸ್ಥತೆಗಳು ಸುಮಾರು 70. ಉಳಿದವರು ಗಾಲಿಕುರ್ಚಿಯಲ್ಲಿ ಬಂದು ಗಾಲಿಕುರ್ಚಿಯಲ್ಲೇ ಮರಳಿದವರು, ಮತ್ತು ಮುಂದಿನ ವರ್ಷ ಪುನಃ ಹೊರಟವರೂ ಅವರಲ್ಲಿ ಬಹಳ. ಅಷ್ಟು ದೂರ ಮತ್ತೆ ಹೋಗುವವರೆಲ್ಲ ಮಂಕುಬಡಿದವರು ಎಂದು ತಳ್ಳಿಹಾಕುವುದು ಸುಲಭ. ನಾನು ಹಾಗೆನ್ನಲಾರೆ. ಗುಣವಾಗುವುದರ ಹೊರತು ಇನ್ನೇನೋ ಅವರಿಗೆ ಅಲ್ಲಿ ಸಿಗುತ್ತಿರಬೇಕು.

ಅದೇನು? ನಂಬುವುದು ಅಂದರೆ "ಖಂಡಿತ ಗುಣವಾಗುತ್ತದೆ" ಎಂದು ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವುದು ಎಂದು ನಾವು ತಿಳಿದಿದ್ದೇವೆ. ಅದು ಫಲಿತಾಂಶದ ಮೇಲಿನ ಭರವಸೆ. ವ್ಯಕ್ತಿಯ ಮೇಲಿನ ಭರವಸೆ ಇನ್ನೊಂದು ಬಗೆಯದು. ಬಾಬೆಲಿನ ಅರಸ ನೆಬೂಕದ್ನೆಚ್ಚರ ಬೆಂಕಿಯ ಆವಿಗೆಗೆ ಹಾಕಿಸಲಿದ್ದ ಮೂವರು ಯೆಹೂದ್ಯ ತರುಣರು ಅವನಿಗೆ ಹೇಳಿದ್ದು ಎರಡು ಮಾತು. ನಮ್ಮ ದೇವರು ಬಿಡಿಸಬಲ್ಲ. ಬಿಡಿಸದಿದ್ದರೂ ನಿನ್ನ ವಿಗ್ರಹಕ್ಕೆ ಅಡ್ಡಬೀಳೆವು. ಎರಡನೆಯ ಮಾತು ಮೊದಲನೆಯದನ್ನು ದುರ್ಬಲ ಮಾಡಿತೆಂದು ಅವರಿಗೆ ಅನ್ನಿಸಲಿಲ್ಲ. "ಹಾಗೊಮ್ಮೆ ಗುಣವಾಗದಿದ್ದರೆ" ಎಂದು ಬಾಯಿಬಿಟ್ಟರೆ ಸಾಕು, "ಅವಿಶ್ವಾಸದ ಮಾತಾಡಬೇಡಿ" ಎಂದು ಬಾಯಿ ಮುಚ್ಚಿಸುವವರು ಈ ಪ್ರಸಂಗವನ್ನು ಇನ್ನೊಮ್ಮೆ ಓದಬೇಕು. ರೋಗಿಗೆ ಸಾವಿನ ಬಗ್ಗೆ ಮಾತಾಡಬೇಕಿರುತ್ತದೆ. ಮಗಳ ಮದುವೆ, ಮನೆಯ ಪತ್ರ, ಯಾರದೋ ಸಾಲ, ಕೇಳಬೇಕಾದ ಒಂದು ಕ್ಷಮೆ. ಪ್ರಾರ್ಥನೆಯ ಹೆಸರಿನಲ್ಲಿ ಆ ಬಾಗಿಲು ಮುಚ್ಚಿದರೆ ಅವರು ಒಬ್ಬಂಟಿಯಾಗಿ ಸಾಯುತ್ತಾರೆ, ಮನೆ ತುಂಬ ಜನರಿದ್ದರೂ.

ನಂಬುವವರು ಅಳಬಾರದು ಎಂಬುದೂ ಎಲ್ಲಿಂದಲೋ ಬಂದು ಸೇರಿಕೊಂಡ ನಿಯಮ. ಬೈಬಲಿನ 150 ಕೀರ್ತನೆಗಳಲ್ಲಿ ಮೂರನೇ ಒಂದು ಪಾಲಿನಷ್ಟು ಗೋಳಿನವು. ಹೆಚ್ಚಿನವು ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ, 88ನೆಯದು ಅದನ್ನೂ ಮಾಡುವುದಿಲ್ಲ. ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಅದನ್ನು ಯಾರೋ ಪವಿತ್ರಗ್ರಂಥದೊಳಗೆ ಇಟ್ಟರು, ಯಾರೂ ತೆಗೆಯಲಿಲ್ಲ. ಸಾವಿನ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಕೂಡ ಈ ಸಂಕಟದ ಪಾತ್ರೆ ನನ್ನಿಂದ ತೊಲಗಲಿ ಎಂದು ಮೊದಲು ಕೇಳಿದ, ನಿನ್ನ ಚಿತ್ತವೇ ಆಗಲಿ ಎಂದದ್ದು ಆಮೇಲೆ. ಆ ಅನುಕ್ರಮ ಮುಖ್ಯ. ಕೇಳಿಕೊಳ್ಳುವ ಮೊದಲೇ ರೋಗಿಯ ಬಾಯಿಗೆ "ದೇವರ ಚಿತ್ತ" ಎಂದು ತುರುಕುವುದು ಬೇರೆ, ಕೇಳಿ, ಅತ್ತು, ಬೆವರಿ, ಅವರೇ ಅಲ್ಲಿಗೆ ಬಂದು ತಲುಪುವುದು ಬೇರೆ. ಸತ್ತ ಗೆಳೆಯ ಲಾಜರನ ಗೋರಿಯ ಮುಂದೆ, ಇನ್ನೇನು ಅವನನ್ನು ಎಬ್ಬಿಸಲಿದ್ದ ಯೇಸುವೇ ಅತ್ತ. ಪೌಲ ಸಾವನ್ನು ಕಡೆಯ ಶತ್ರು ಎಂದು ಕರೆದ. ಶತ್ರುವನ್ನು ವರ ಎಂದು ಕರೆಯುವ ಬಲವಂತ ಯಾರಿಗೂ ಇಲ್ಲ.

ಏಮಿ ಕಾರ್ಮೈಕೇಲ್ ಅವರ ಸ್ವಂತ ಕಥೆಯೂ ಇಲ್ಲಿ ಬರಬೇಕು. 1895ರಲ್ಲಿ ಭಾರತಕ್ಕೆ ಬಂದಾಗ ಅವರು ಮೊದಲು ತಂಗಿದ್ದು ನಮ್ಮ ಬೆಂಗಳೂರಿನಲ್ಲಿ, ಅದೂ ಡೆಂಗಿ ಜ್ವರದಲ್ಲಿ ನಡುಗುತ್ತ. ಆಮೇಲೆ ತಮಿಳು ಸೀಮೆಗೆ ಹೋದವರು ಒಮ್ಮೆಯೂ ಊರಿಗೆ ಮರಳದೆ 1951ರಲ್ಲಿ ಅಲ್ಲೇ ತೀರಿಕೊಂಡರು. 1931ರ ಅಕ್ಟೋಬರ್ 24ರಂದು ಡೋನಾವೂರಿಗೆ ಹತ್ತಿರದ ಕಳಕ್ಕಾಡಿನಲ್ಲಿ, ಕೆಲಸಕ್ಕೆಂದು ಹಿಡಿದಿದ್ದ ಮನೆಯೊಂದನ್ನು ಮುಸ್ಸಂಜೆಯ ಹೊತ್ತು ನೋಡಲು ಹೋದರು. ಪಾಯಿಖಾನೆಗೆಂದು ಆಳುಗಳು ಗುಂಡಿ ತೋಡಿದ್ದರು, ತೋಡಬಾರದ ಜಾಗದಲ್ಲಿ. ಮಬ್ಬುಗತ್ತಲಲ್ಲಿ ಕಾಣದೆ ಅದರೊಳಗೆ ಬಿದ್ದರು. ಕಾಲು ಮುರಿಯಿತು, ಕಣಕಾಲು ತಿರುಚಿತು. ಆಗ ವಯಸ್ಸು 63. ಹೇಗೂ ವಾಸಿಯಾಗುವ ಪೆಟ್ಟೆಂದುಕೊಂಡದ್ದು, ಒಂದಕ್ಕೊಂದು ತೊಡಕು ಕೂಡಿಕೊಂಡು, ಉಳಿದ ಸುಮಾರು 20 ವರ್ಷ ಅವರನ್ನು ಬಹುಪಾಲು ಕೋಣೆಯಲ್ಲೇ ಕಟ್ಟಿಹಾಕಿತು. 1948ರಲ್ಲಿ ಆ ಕೋಣೆಯಲ್ಲೇ ಮತ್ತೆ ಬಿದ್ದರು.

ಗುಂಡಿಗೆ ಬಿದ್ದ ದಿನವೇ ಬೆಳಿಗ್ಗೆ, ನಿನ್ನ ಸೇವೆಗೆ ನನ್ನನ್ನು ಸಜ್ಜುಮಾಡುವಂಥದ್ದು ಏನಿದ್ದರೂ ಮಾಡು ಎಂದು ಅವರು ಪ್ರಾರ್ಥಿಸಿದ್ದರಂತೆ. ಭಕ್ತರು ಈ ಎರಡನ್ನೂ ಗಂಟುಹಾಕಿ, ನೋಡಿ ಹೇಗೆ ಉತ್ತರ ಬಂತು ಎಂದು ಹೇಳುವುದಿದೆ. ನನಗೆ ಆ ಗಂಟು ಇಷ್ಟವಿಲ್ಲ. ಗುಂಡಿ ತೋಡಿದವರು ಜಾಗ ತಪ್ಪಿದ್ದರು. ದೇವರು ಸಲಿಕೆ ಹಿಡಿದು ನಿಂತಿದ್ದ ಎಂದು ಹೇಳಬೇಕಾಗಿಲ್ಲ. ಬಿದ್ದ ಮೇಲೆ ಏನು ನಡೆಯಿತೆನ್ನುವುದು ಹೆಚ್ಚು ತೂಕದ್ದು. ಹಾಸಿಗೆಯಿಂದಲೇ ಅವರು ಹತ್ತಕ್ಕೂ ಹೆಚ್ಚು ಪುಸ್ತಕ ಬರೆದರು. ಅವುಗಳಲ್ಲೊಂದು ಕಾಯಿಲೆಯವರೊಬ್ಬರು ಕಾಯಿಲೆಯವರಿಗೆ ಬರೆದ ಪತ್ರಗಳು. ಅದನ್ನು ಬರೆಯಲು ಕಾರಣವಾದದ್ದು ಒಂದು ಕಿರಿಕಿರಿ: ರೋಗಿಗಳಿಗೆಂದು ಬರುವ ಸಮಾಧಾನದ ಪುಸ್ತಕಗಳೆಲ್ಲ ಗಟ್ಟಿಮುಟ್ಟಾಗಿ ಓಡಾಡುವವರು ಬರೆದವು, ನಿದ್ದೆಯಿಲ್ಲದ ರಾತ್ರಿಯಲ್ಲಿ ಅವು ಹಿಡಿಸುವುದಿಲ್ಲ. ನೋವನ್ನು ಒಪ್ಪಿಕೊಳ್ಳುವುದರಲ್ಲಿ ನೆಮ್ಮದಿಯಿದೆ ಎಂದು ಬರೆದವರೂ ಅವರೇ. ಎರಡನ್ನೂ ಒಟ್ಟಿಗೆ ಓದಬೇಕು.

ಒಪ್ಪಿಕೊಳ್ಳುವುದು ಎಂದರೆ ಮದ್ದು ಬಿಡುವುದಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ. ನಂಬಿಕೆ ತೋರಿಸಲು ಇನ್ಸುಲಿನ್ ನಿಲ್ಲಿಸಿದವರು, ಟಿಬಿ ಮಾತ್ರೆಯನ್ನು ಅರ್ಧಕ್ಕೆ ಬಿಟ್ಟವರು, ಫಿಟ್ಸ್ ಗುಳಿಗೆ ಎಸೆದವರು ನಮ್ಮ ನಡುವೆ ಇದ್ದಾರೆ. ಹಾಗೆ ಬಿಡಲು ಹೇಳುವ ಬೋಧಕರ ಮಾತನ್ನು ಆ ವಿಷಯದಲ್ಲಿ ಕೇಳಬಾರದು, ಅವರ ಪ್ರಾರ್ಥನೆ ಎಷ್ಟೇ ಜೋರಾಗಿದ್ದರೂ. ತಿಮೊಥೆಗೆ ಪೌಲ ಕೊಟ್ಟ ಸಲಹೆ ಇಲ್ಲಿ ಸಾಕು.

ಇನ್ನು "ಗುಣವಾಗುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ" ಎಂದು ಆಸ್ಪತ್ರೆಯವರು ಹೇಳಿದ ಮೇಲೆ ಮಾಡಲು ಏನೂ ಉಳಿದಿಲ್ಲ ಎನ್ನುವುದೂ ತಪ್ಪು. ಉಪಶಮನ ಆರೈಕೆಯನ್ನು, ಎಂದರೆ ರೋಗ ವಾಸಿಯಾಗದಿದ್ದರೂ ನೋವು, ಉಸಿರಾಟದ ಕಷ್ಟ, ವಾಂತಿ, ಭಯ ಇವುಗಳನ್ನು ತಗ್ಗಿಸುವ ಚಿಕಿತ್ಸೆಯನ್ನು, ಇಂದಿನ ರೂಪಕ್ಕೆ ತಂದವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ಅವರೂ ಗಾಢ ದೈವಭಕ್ತೆಯೇ. 1948ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಕ್ಯಾನ್ಸರಿನಿಂದ ಸಾಯುತ್ತಿದ್ದ ಡೇವಿಡ್ ತಾಸ್ಮಾ ಎಂಬ ಪೋಲೆಂಡಿನ ಯೆಹೂದ್ಯ ನಿರಾಶ್ರಿತ, ನಿನ್ನ ಮನೆಯಲ್ಲಿ ನಾನೊಂದು ಕಿಟಕಿಯಾಗುತ್ತೇನೆ ಎಂದು ಹೇಳಿ ಅವರಿಗೆ 500 ಪೌಂಡ್ ಬಿಟ್ಟುಹೋದ. ಆ ಕಿಟಕಿಯ ಸುತ್ತ ಮನೆ ಕಟ್ಟಲು ಅವರಿಗೆ 19 ವರ್ಷ ಹಿಡಿಯಿತು. ನರ್ಸ್ ಆಗಿದ್ದವರು ನಡುವೆ ಓದಿ ಡಾಕ್ಟರಾದರು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಎಂದರೆ ಸಾವಿನಂಚಿನ ರೋಗಿಗಳ ಆರೈಕೆಯ ಮನೆ, ತೆರೆಯಿತು. ನೋವು ಬಂದ ಮೇಲೆ ಮಾರ್ಫಿನ್ ಕೊಡುವ ಬದಲು, ನೋವು ಮರುಕಳಿಸುವ ಮುಂಚೆಯೇ ಹೊತ್ತುಹೊತ್ತಿಗೆ ಕೊಡಬೇಕೆಂಬುದು ಅವರು ಪಟ್ಟುಹಿಡಿದು ಸಾಧಿಸಿದ ವಿಷಯ. ಬೆಂಗಳೂರಿನಲ್ಲಿ ಕರುಣಾಶ್ರಯ 1999ರಿಂದ, ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಹಣ ಕೇಳದೆ ನೋಡಿಕೊಳ್ಳುತ್ತಿದೆ. ಅಂಥ ಕಡೆ ರೋಗಿಯನ್ನು ಸೇರಿಸಿದರೆ ದೇವರನ್ನು ಕೈಬಿಟ್ಟಂತೆ ಎಂದು ಹಿಂಜರಿಯುವ ಕುಟುಂಬಗಳಿವೆ. ನೋವು ತಗ್ಗಿದ ರೋಗಿ ಪ್ರಾರ್ಥಿಸಬಲ್ಲ, ಮೊಮ್ಮಗುವಿನ ಹತ್ತಿರ ಮಾತಾಡಬಲ್ಲ. ನೋವಿನಲ್ಲಿ ಕಿರುಚುವವನಿಗೆ ಎರಡೂ ಆಗದು.

ರೋಗಿಯನ್ನು ನೋಡಲು ಹೋಗುವವರ ಕಡೆಗೂ ಒಂದೆರಡು ಮಾತು. ಹಾರ್ಲಿಕ್ಸ್, ಸೇಬು ಹಿಡಿದು ಹೋಗುತ್ತೇವೆ, ಜೊತೆಗೆ ಒಂದು ಫೋನ್ ನಂಬರನ್ನೂ: ಇಂಥ ಊರಲ್ಲಿ ಒಬ್ಬ ಪಾಸ್ಟರ್ ಇದ್ದಾರೆ, ಅವರು ಕೈಯಿಟ್ಟರೆ ಸಾಕು. ಒಂದೇ ವಾರದಲ್ಲಿ ಅಂಥ ಏಳೆಂಟು ನಂಬರು ಬಂದು ಸೇರುತ್ತವೆ. ಎಲ್ಲಿಗೂ ಹೋಗದಿದ್ದರೆ ಉಪೇಕ್ಷೆ ಮಾಡಿದೆವೋ ಎಂಬ ಅಳುಕು, ಹೋದರೆ ಕಾರಿನ ಬಾಡಿಗೆ ಮತ್ತು ಅಲುಗಾಟದ ನೋವು. ಅದರ ಬದಲು ಗೋಡೆಯ ಕ್ಯಾಲೆಂಡರ್ ನೋಡಿ ಯಾವ ದಿನ ಆಸ್ಪತ್ರೆಗೆ ಹೋಗಬೇಕಿದೆ, ಯಾರು ಕರೆದುಕೊಂಡು ಹೋಗುತ್ತಾರೆ ಎಂದು ವಿಚಾರಿಸಬಹುದು. ರಾತ್ರಿ ಕೂರುವ ಹೆಂಡತಿಗೋ ಮಗಳಿಗೋ ಒಂದು ರಾತ್ರಿ ಬಿಡುವು ಕೊಡಬಹುದು. ಜೋರಾಗಿ ಪ್ರಾರ್ಥಿಸುವ ಮೊದಲು "ಈಗ ಪ್ರಾರ್ಥನೆ ಮಾಡಲೇ, ಸುಮ್ಮನೆ ಕೂರಲೇ?" ಎಂದು ರೋಗಿಯನ್ನೇ ಕೇಳಿ. ಕೂರಿ ಅಂದರೆ ಚಪ್ಪಲಿ ಬಿಟ್ಟು, ಫೋನನ್ನು ಸೈಲೆಂಟಿಗೆ ಹಾಕಿ, ಕುರ್ಚಿಯನ್ನು ಅವರ ಮುಖ ಕಾಣುವ ಕಡೆಗೆ ಎಳೆದುಕೊಳ್ಳಿ.